ಹೊಸ ಉತ್ಪನ್ನಕ್ಕೆ ಬ್ಲಾಗರ್‌ಗಳಿಂದ ರಿವ್ಯೂ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಶಿರಸಿ ಕಡೆಯವರು. ಅಪ್ಪೆಮಿಡಿ, ಅಂದರೆ ಘಮದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಕೆಲವು ವರ್ಷಗಳಿಂದ ಅಡುಗೆ ಬ್ಲಾಗರ್‌ಗಳಿಗೆ, ಯೂಟ್ಯೂಬ್‌ನಲ್ಲಿ ಅಡುಗೆ ತೋರಿಸುವವರಿಗೆ ಬಾಟಲಿ ಕಳಿಸಿ ಅಭಿಪ್ರಾಯ ಕೇಳುತ್ತಾ ಬಂದಿದ್ದೇವೆ. ಇದನ್ನು ನೋಡಿ ಚಟ್ನಿಪುಡಿ ಮಾಡುವವರು, ಜೋನಿ ಬೆಲ್ಲದವರು, ಸ್ವಸಹಾಯ ಸಂಘದ ಅಕ್ಕಂದಿರು, ಹೋಂಸ್ಟೇ ನಡೆಸುವವರು ಫೋನು ಮಾಡುತ್ತಾರೆ, ಮೆಸೇಜು ಹಾಕುತ್ತಾರೆ. ಜಾಸ್ತಿ ಕೇಳಿಬರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವ ಮೊದಲು

"ನಮ್ಮ ಉಪ್ಪಿನಕಾಯಿ ಚೆನ್ನಾಗಿದೆ ಅಂತ ಊರಿಗೆಲ್ಲಾ ಗೊತ್ತು. ಬ್ಲಾಗರ್ ಹೇಳೋದು ಯಾಕೆ ಬೇಕು?"

ಊರಲ್ಲಿ ನಿಮ್ಮನ್ನು ನೋಡಿದವರು ಕೊಳ್ಳುತ್ತಾರೆ. ಬೆಂಗಳೂರಿನ ಗಿರಾಕಿಗೆ ನೀವು ಗೊತ್ತಿಲ್ಲ, ನಿಮ್ಮ ಅಡುಗೆಮನೆ ಗೊತ್ತಿಲ್ಲ. ಬಾಟಲಿ ಮುಚ್ಚಳ ತೆಗೆದು ವಾಸನೆ ನೋಡೋಕೂ ಆಗಲ್ಲ. ಆ ಕೆಲಸವನ್ನು ಅವರ ಪರವಾಗಿ ಇನ್ನೊಬ್ಬರು ಮಾಡಬೇಕು. ಬ್ಲಾಗರ್ ಅಂದರೆ ಅಷ್ಟೇ, ಗಿರಾಕಿಗಿಂತ ಮೊದಲು ರುಚಿ ನೋಡುವ ಮನುಷ್ಯ.

ಒಂದು ವಿಷಯ ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಅವರು ನಿಮ್ಮ ಕಡೆಯವರಲ್ಲ, ಓದುವವರ ಕಡೆಯವರು. ಹಾಗಿರುವುದರಿಂದಲೇ ಅವರ ಮಾತಿಗೆ ಬೆಲೆ. ಹೊಗಳಿ ಅಂತ ಕೇಳಬೇಡಿ. ತಿಂದು ನೋಡಿ ಅನಿಸಿದ್ದನ್ನು ಹೇಳಿ ಅಂತ ಕೇಳಿ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

"ಈಗ ಬ್ಲಾಗ್ ಯಾರು ಓದ್ತಾರೆ? ಎಲ್ಲಾ ರೀಲ್ಸ್ ಅಲ್ವಾ?"

ರೀಲ್ಸ್ ಬೇಗ ಓಡುತ್ತೆ, ಬೇಗ ಮರೆಯಾಗುತ್ತೆ. ಹಾಕಿದ ಎರಡು ದಿನ ಫೋನು ಬಿಡುವಿಲ್ಲದೆ ಬರುತ್ತೆ, ಮೂರನೇ ದಿನ ಸುಮ್ಮನಾಗುತ್ತೆ. ಬರಹ ಹಾಗಲ್ಲ. "ಎಣ್ಣೆ ಇಲ್ಲದ ಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತೆ" ಅಂತ ಎರಡು ವರ್ಷದ ಮೇಲೆ ಯಾರೋ ಗೂಗಲ್‌ನಲ್ಲಿ ಹುಡುಕಿದಾಗ ಆ ಬರಹ ಎದುರು ಬರುತ್ತೆ. ಉದ್ದದ ಯೂಟ್ಯೂಬ್ ವಿಡಿಯೋಗೂ ಈ ಗುಣ ಇದೆ. ಕೈಯಲ್ಲಿ ಹತ್ತು ಬಾಟಲಿ ಮಾತ್ರ ಇದ್ದರೆ ನಾನು ಆರನ್ನು ಬರೆಯುವವರಿಗೆ ಮತ್ತು ಉದ್ದ ವಿಡಿಯೋ ಮಾಡುವವರಿಗೆ ಕಳಿಸುತ್ತೇನೆ, ನಾಲ್ಕನ್ನು ರೀಲ್ಸ್‌ನವರಿಗೆ.

"ಇನ್ನೂ ಲೇಬಲ್ ಆಗಿಲ್ಲ. ಮೊದಲು ಕಳಿಸಿ ನೋಡೋಣ್ವಾ?"

ಬೇಡ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನೋಂದಣಿ ಮೊದಲು ಆಗಲಿ. ಆ 14 ಅಂಕಿಯ ಸಂಖ್ಯೆ, ಏನೇನು ಹಾಕಿದ್ದೀರಿ ಅನ್ನುವ ಪಟ್ಟಿ, ತಯಾರಾದ ದಿನ, ಯಾವಾಗಿನವರೆಗೆ ತಿನ್ನಬಹುದು, ಹಸಿರು ಚುಕ್ಕೆ, ವಿಳಾಸ, ಇಷ್ಟೂ ಲೇಬಲ್ ಮೇಲೆ ಇರಲಿ. ಒಳ್ಳೆಯ ಬ್ಲಾಗರ್ ಬಾಟಲಿ ತಿರುಗಿಸಿ ಮೊದಲು ಓದುವುದೇ ಅದನ್ನು.

ಲೇಬಲ್‌ಗಿಂತ ದೊಡ್ಡದು ಪದಾರ್ಥ ಹದಕ್ಕೆ ಬಂದಿದೆಯಾ ಅನ್ನೋದು. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು, ಅದು ನೀರು ಬಿಟ್ಟು ಚಿರುಟಿಕೊಳ್ಳಬೇಕು. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಒಣಮೆಣಸಿನ ಮಸಾಲೆ ಅದರಲ್ಲೇ ಅರೆದು ಹಾಕಬೇಕು. ಆಮೇಲೂ ಮಸಾಲೆ ಮಿಡಿಯ ಒಳಗೆ ಇಳಿಯೋಕೆ ವಾರಗಳೇ ಬೇಕು. ಮೊದಲ ವರ್ಷ ನನಗೆ ಅವಸರ. ಮಸಾಲೆ ಹಾಕಿ ನಾಲ್ಕೇ ದಿನ ಆಗಿದ್ದ ಬಾಟಲಿಗಳನ್ನು ಕಳಿಸಿದೆ. "ಉಪ್ಪು ಬೇರೆ, ಖಾರ ಬೇರೆ, ಮಿಡಿ ಬೇರೆ" ಅಂತ ಒಬ್ಬರು ಬರೆದರು. ಅವರು ಬರೆದದ್ದು ನಿಜವಾಗಿತ್ತು. ಆ ಬರಹ ಇವತ್ತಿಗೂ ಇದೆ.

"ಲಕ್ಷ ಫಾಲೋವರ್ಸ್ ಇರೋರನ್ನೇ ಹಿಡಿಬೇಕಾ?"

ಸಂಖ್ಯೆ ನೋಡಬೇಡಿ, ಕಮೆಂಟು ಓದಿ. ಬರೀ ಬೆಂಕಿ, ಹೃದಯದ ಚಿತ್ರಗಳೇ ತುಂಬಿದ್ದರೆ ಅಲ್ಲಿ ಮಾತುಕತೆ ಇಲ್ಲ ಅಂತ ಅರ್ಥ. "ನೀವು ಹೇಳಿದ ಸಾರಿನ ಪುಡಿ ತರಿಸಿದೆ, ನಮ್ಮತ್ತೆಗೆ ಇಷ್ಟ ಆಯ್ತು" ಅಂತ ಯಾರಾದರೂ ಬರೆದಿದ್ದರೆ, ಮೂರು ಸಾವಿರ ಓದುಗರಿದ್ದರೂ ಅವರೇ ನಿಮಗೆ ಬೇಕಾದವರು.

ಅವರ ಹಳೆಯ ರಿವ್ಯೂಗಳನ್ನೂ ನೋಡಿ. ಒಂದಾದರೂ ವಸ್ತು ಚೆನ್ನಾಗಿಲ್ಲ ಅಂದಿದ್ದಾರಾ? ಎಲ್ಲವನ್ನೂ "ಸೂಪರ್" ಅನ್ನುವವರು ನಿಮ್ಮದನ್ನು ಸೂಪರ್ ಅಂದರೂ ಯಾರೂ ನಂಬಲ್ಲ. ಇನ್ನೊಂದು, ನಿಮ್ಮ ಪದಾರ್ಥದ ರುಚಿ ಗೊತ್ತಿರುವವರನ್ನು ಹುಡುಕಿ. ಊರು ಬಿಟ್ಟು ಪುಣೆ, ಮುಂಬೈ, ಹೈದರಾಬಾದ್‌ನಲ್ಲಿರುವ ಮಲೆನಾಡಿನವರಲ್ಲಿ ಅಡುಗೆ ಬಗ್ಗೆ ಬರೆಯುವವರು ಸಾಕಷ್ಟು ಜನ ಇದ್ದಾರೆ. ಸೊನೆಯ ವಾಸನೆ ಬಂದ ಕೂಡಲೇ ಅವರಿಗೆ ಅಜ್ಜಿಮನೆಯ ಭರಣಿ ನೆನಪಾಗುತ್ತೆ. ಆ ನೆನಪನ್ನು ದುಡ್ಡು ಕೊಟ್ಟು ಬರೆಸೋಕೆ ಆಗಲ್ಲ.

## ಕೇಳುವುದು, ಕಳಿಸುವುದು

"ಮೊದಲ ಮೆಸೇಜಲ್ಲಿ ಏನು ಬರೀಬೇಕು? ನನಗೆ ಇಂಗ್ಲಿಷ್ ಬೇರೆ ಬರಲ್ಲ."

ಕನ್ನಡದಲ್ಲಿ ಬರೆಯುವವರಿಗೆ ಕನ್ನಡದಲ್ಲೇ ಬರೆಯಿರಿ. ಅದೇ ಸರಿ. ನಾನು ಬರೆಯುವುದು ಹೆಚ್ಚುಕಡಿಮೆ ಹೀಗಿರುತ್ತೆ:

"ನಮಸ್ಕಾರ. ನೀವು ಕಳೆದ ತಿಂಗಳು ಮಾವಿನಕಾಯಿ ಅಪ್ಪೆಹುಳಿ ಬಗ್ಗೆ ಬರೆದದ್ದು ಓದಿದೆ. ಇಂಗಿನ ಒಗ್ಗರಣೆ ಕೊನೆಗೆ ಹಾಕಿ ಅಂದಿದ್ದಿರಿ, ನಮ್ಮಲ್ಲೂ ಹಾಗೇ. ನಾವು ಶಿರಸಿ ಹತ್ತಿರ ಜೀರಿಗೆ ವಾಸನೆಯ ಅಪ್ಪೆಮಿಡಿಯಲ್ಲಿ ಉಪ್ಪಿನಕಾಯಿ ಮಾಡುತ್ತೇವೆ. ಎಣ್ಣೆ ಹಾಕುವುದಿಲ್ಲ. ಅರ್ಧ ಕಿಲೋ ಬಾಟಲಿ ಒಂದು ಕಳಿಸಬಹುದಾ? ತಿಂದು ಅನಿಸಿದ್ದನ್ನು ಬರೆಯಬಹುದು, ಬರೆಯದೆಯೂ ಇರಬಹುದು. ಬರೆದರೆ, ನಾವು ಉಚಿತವಾಗಿ ಕಳಿಸಿದ್ದು ಅಂತ ದಯವಿಟ್ಟು ಓದುಗರಿಗೆ ತಿಳಿಸಿ."

ಇಷ್ಟು ಸಾಕು. ಅವರ ಯಾವ ಬರಹ ಓದಿದಿರಿ ಅನ್ನೋದನ್ನು ಸುಮ್ನೆ ಹಾಕಬೇಡಿ, ನಿಜವಾಗಿ ಓದಿ ಹಾಕಿ. ಒಂದೇ ಮೆಸೇಜನ್ನು ಐವತ್ತು ಜನಕ್ಕೆ ಕಳಿಸಿದರೆ ಅದು ಗೊತ್ತಾಗಿಯೇ ಆಗುತ್ತೆ. ವಿಳಾಸವನ್ನು ಮೊದಲ ಮೆಸೇಜಲ್ಲೇ ಕೇಳಬೇಡಿ. "ಕಳಿಸಿ" ಅಂದಮೇಲೆ ಕೇಳಿ. ಆ ವಿಳಾಸವನ್ನು ಇನ್ನೊಬ್ಬರಿಗೆ ಕೊಡಬೇಡಿ.

"ನೋಡಿದ್ದಾರೆ, ಉತ್ತರ ಇಲ್ಲ. ಎಷ್ಟು ಸಲ ಕೇಳಬಹುದು?"

ಹತ್ತು ದಿನ ಬಿಟ್ಟು ಇನ್ನೊಂದು ಸಲ. ಅಲ್ಲಿಗೆ ಬಿಡಿ.

"ಪಾರ್ಸೆಲ್ ಹೇಗೆ ಮಾಡೋದು? ಜೊತೆಗೆ ಏನಾದ್ರೂ ಗಿಫ್ಟ್ ಇಡಲಾ?"

ಗಿರಾಕಿಗೆ ಹೇಗೆ ಹೋಗುತ್ತೋ ಹಾಗೇ ಕಳಿಸಿ. ಅದೇ ಬಾಟಲಿ, ಅದೇ ಲೇಬಲ್, ಅದೇ ಬ್ಯಾಚು. ಬ್ಲಾಗರ್‌ಗೆ ಅಂತ ಆರಿಸಿದ ಮಿಡಿ ಹಾಕಿದರೆ, ಆ ರಿವ್ಯೂ ನಂಬಿ ಕೊಂಡವರಿಗೆ ಬೇರೆ ಪದಾರ್ಥ ಸಿಕ್ಕ ಹಾಗಾಗುತ್ತೆ. ಅದು ಮೋಸ.

ನಮ್ಮ ಉಪ್ಪಿನಕಾಯಲ್ಲಿ ಎಣ್ಣೆಯ ಬದಲು ಉಪ್ಪುನೀರು ಇರುವುದರಿಂದ ಸೋರುವ ಭಯ ಜಾಸ್ತಿ. ಒಮ್ಮೆ ಗಾಜಿನ ಬಾಟಲಿ ದಾರಿಯಲ್ಲಿ ಒಡೆದು, ಅದೇ ಡಬ್ಬಿಯಲ್ಲಿದ್ದ ನನ್ನ ಪತ್ರ ಮಸಾಲೆಯಲ್ಲಿ ನೆನೆದು ಹೋಗಿತ್ತು. ಈಗ ಮುಚ್ಚಳದ ಕೆಳಗೆ ಸೀಲ್, ಹೊರಗೆ ದಪ್ಪ ಪ್ಲಾಸ್ಟಿಕ್ ಚೀಲ, ಅದರ ಸುತ್ತ ಗುಳ್ಳೆ ಹಾಳೆ, ಆಮೇಲೆ ರಟ್ಟಿನ ಡಬ್ಬಿ. ಕಾಗದವನ್ನು ಬೇರೆ ಚೀಲದಲ್ಲಿ ಇಡುತ್ತೇನೆ.

ಆ ಕಾಗದ ಮುಖ್ಯ. ಆಂಧ್ರದ ಆವಕಾಯಿ ತಿಂದು ಅಭ್ಯಾಸ ಇದ್ದವರಿಗೆ ಎಣ್ಣೆ ತೇಲದ ಉಪ್ಪಿನಕಾಯಿ ನೋಡಿದರೆ "ಕೆಟ್ಟು ಹೋಗಲ್ವಾ?" ಅನ್ನುವ ಅನುಮಾನ ಬರುತ್ತೆ. ಮಿಡಿಯ ತೊಟ್ಟು ಯಾಕೆ ಬಿಟ್ಟಿದ್ದೇವೆ, ಉಪ್ಪು ಯಾಕೆ ಜಾಸ್ತಿ, ಒಣ ಚಮಚ ಯಾಕೆ ಬೇಕು, ಮೊಸರನ್ನದ ಜೊತೆ ಯಾಕೆ ತಿನ್ನಬೇಕು ಅಂತ ಅರ್ಧ ಪುಟ ಬರೆದಿಡಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ (ಜಿಐ, ಇದು ಇಂಥ ಪ್ರದೇಶದ ವಿಶೇಷ ಅನ್ನುವ ಗುರುತು) ಮಾನ್ಯತೆ ಇದೆ ಅನ್ನೋದನ್ನೂ ಒಂದು ಸಾಲಿನಲ್ಲಿ ಹಾಕಿ. ಇದು ವಿವರ, ಜಾಹೀರಾತಲ್ಲ. "ಅದ್ಭುತ ರುಚಿ" ಅನ್ನುವ ಪದ ಆ ಕಾಗದದಲ್ಲಿ ಬೇಡ.

ಗಿಫ್ಟ್ ಬೇಡವೇ ಬೇಡ. 2006ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪ್ಯೂಟರ್ ನಡೆಸುವ ತನ್ನ ಹೊಸ ತಂತ್ರಾಂಶ ವಿಸ್ಟಾ ಹಾಕಿದ್ದ ಏಸರ್ ಫೆರಾರಿ ಲ್ಯಾಪ್‌ಟಾಪ್‌ಗಳನ್ನು ಅಮೆರಿಕದ ಕೆಲವು ಬ್ಲಾಗರ್‌ಗಳಿಗೆ ಕಳಿಸಿತ್ತು. ಇದು ಲಂಚ ಅಂತ ಗಲಾಟೆ ಎದ್ದಿತು. ಆಮೇಲೆ ಬಳಸಿ ಆದಮೇಲೆ ವಾಪಸ್ ಕೊಡಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ ಅಂತ ಕೇಳಿಕೊಳ್ಳಬೇಕಾಯಿತು. ವಿಸ್ಟಾ ಹೇಗಿದೆ ಅನ್ನುವ ಮಾತು ಹಿಂದೆ ಬಿತ್ತು, ಲ್ಯಾಪ್‌ಟಾಪಿನ ಮಾತೇ ಮುಂದೆ ಬಂತು. ಉಪ್ಪಿನಕಾಯಿ ಜೊತೆ ರೇಷ್ಮೆ ಸೀರೆ ಇಟ್ಟರೂ ಹಾಗೇ ಆಗುತ್ತೆ.

"ದುಡ್ಡು ಕೇಳ್ತಾರೆ. ಕೊಡಬೇಕಾ?"

ದುಡ್ಡು ಕೇಳುವುದು ತಪ್ಪಲ್ಲ. ವಿಡಿಯೋ ಮಾಡೋಕೆ ಕ್ಯಾಮೆರಾ, ಸಮಯ, ಎಡಿಟಿಂಗ್ ಎಲ್ಲಾ ಬೇಕು. ಆದರೆ ದುಡ್ಡು ಕೊಟ್ಟು ಮಾಡಿಸಿದ್ದು ಜಾಹೀರಾತು. ಅದನ್ನು ಜಾಹೀರಾತು ಅಂತಲೇ ಕರೆಯಿರಿ, ಜಾಹೀರಾತಿನ ಲೆಕ್ಕದಲ್ಲೇ ಬರೆದಿಡಿ. ರಿವ್ಯೂ ಬೇರೆ.

ಸಣ್ಣವರಿಗೆ ನನ್ನ ಸಲಹೆ ಇದು: ಮೊದಲ ಒಂದು ವರ್ಷ ದುಡ್ಡು ಕೊಡಬೇಡಿ. ಬಾಟಲಿಯ ಬೆಲೆ, ಪಾರ್ಸೆಲ್ ಖರ್ಚು ಮಾತ್ರ. ದುಡ್ಡಿಲ್ಲದೆ ಬರೆಯುವವರು ಸಿಗದಿದ್ದರೆ ಪದಾರ್ಥದಲ್ಲೋ ಕೇಳುವ ರೀತಿಯಲ್ಲೋ ಏನೋ ಕೊರತೆ ಇದೆ. ಅದು ಗೊತ್ತಾಗುವ ಮೊದಲೇ ದುಡ್ಡು ಸುರಿದರೆ ಆ ಕೊರತೆ ಕಾಣಿಸುವುದೇ ಇಲ್ಲ.

"ನನ್ನ ತಂಗಿಗೇ ಅಡುಗೆ ಬ್ಲಾಗ್ ಇದೆ. ಅವಳ ಹತ್ರ ಬರೆಸಲಾ?"

ಬರೆಯಲಿ. "ಇದು ನನ್ನ ಅಕ್ಕ ಮಾಡುವ ಚಟ್ನಿಪುಡಿ" ಅಂತ ಮೊದಲ ಸಾಲಲ್ಲೇ ಹೇಳಲಿ. ಹೇಳದೆ ಬರೆಸಿದರೆ ಓದುವವರಿಗೆ ಮಾಡಿದ ಮೋಸ, ನಿಯಮದ ಪ್ರಕಾರವೂ ತಪ್ಪು. ಮನೆಯವರೆಲ್ಲಾ ಬೇರೆ ಬೇರೆ ಹೆಸರಲ್ಲಿ ಐದು ಸ್ಟಾರ್ ಹಾಕುವುದಂತೂ ಬೇಡ. ಇಂಥ ಸುಳ್ಳು ರಿವ್ಯೂಗಳನ್ನು ತಡೆಯಲೆಂದೇ ವಸ್ತುಗಳಿಗೆ ಗುಣಮಟ್ಟದ ಅಳತೆ ಹಾಕುವ ಕೇಂದ್ರದ ಸಂಸ್ಥೆ ಬಿಐಎಸ್ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅನ್ನುವ ಮಾನದಂಡ ತಂದಿದೆ.

## ಕಾನೂನು, ತೆರಿಗೆ

"ಒಂದು ಬಾಟಲಿ ಫ್ರೀ ಕೊಟ್ಟಿದ್ದಕ್ಕೂ ಹೇಳ್ಬೇಕಾ? ಅಷ್ಟೊಂದು ಯಾಕೆ?"

ಹೇಳಲೇಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೋಷಿಯಲ್ ಮೀಡಿಯಾದಲ್ಲಿ ವಸ್ತುಗಳ ಬಗ್ಗೆ ಹೇಳುವವರಿಗೆ ಮಾರ್ಗಸೂಚಿ ಹೊರಡಿಸಿತು. ದುಡ್ಡು ಮಾತ್ರ ಅಲ್ಲ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ವಸ್ತುವಿಗೆ ವಸ್ತು, ನೆಂಟಸ್ತನ, ಇವೆಲ್ಲವೂ ಅದರಲ್ಲಿ "ಸಂಬಂಧ" ಅಂತಲೇ ಲೆಕ್ಕ. ಯಾವ ಷರತ್ತೂ ಇಲ್ಲದೆ ಕೊಟ್ಟ ಬಾಟಲಿಯೂ ಸೇರಿತು.

ಹೇಗೆ ಹೇಳಬೇಕು ಅಂತಲೂ ಇದೆ. ಸರಳವಾಗಿ, ಕಣ್ಣಿಗೆ ಬೀಳುವ ಹಾಗೆ, ರಿವ್ಯೂ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. ಅಂದರೆ ಕನ್ನಡ ವಿಡಿಯೋ ಮಾಡಿ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಹಾಕಿದರೆ ಸಾಲದು. ಈ ನಿಯಮ ನನಗೆ ತುಂಬಾ ಇಷ್ಟ. ಕನ್ನಡದಲ್ಲಿ ನೋಡುವವರಿಗೆ ಕನ್ನಡದಲ್ಲೇ ನಿಜ ಹೇಳಬೇಕು ಅಲ್ವಾ? ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸುವುದೂ ಸಲ್ಲದು. "ಈ ಬಾಟಲಿಯನ್ನು ಅವರು ಉಚಿತವಾಗಿ ಕಳಿಸಿದ್ದಾರೆ" ಅನ್ನುವ ಒಂದು ವಾಕ್ಯ ಮೊದಲಿಗೇ ಬಂದರೆ ಓದುಗರಿಗೆ ಎಲ್ಲವೂ ತಿಳಿಯುತ್ತೆ.

ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಎಎಸ್‌ಸಿಐ ಸಂಸ್ಥೆ 2021ರಲ್ಲಿ ವಿಡಿಯೋಗಳಿಗೆ ಲೆಕ್ಕ ಕೊಟ್ಟಿದೆ. 15 ಸೆಕೆಂಡಿಗಿಂತ ಚಿಕ್ಕದಾದರೆ ಉಚಿತವಾಗಿ ಸಿಕ್ಕಿದ್ದು ಅಥವಾ ಜಾಹೀರಾತು ಅನ್ನುವ ಬರಹ ಕನಿಷ್ಠ 3 ಸೆಕೆಂಡು ಕಾಣಬೇಕು. 15 ಸೆಕೆಂಡಿನಿಂದ 2 ನಿಮಿಷದವರೆಗಿನ ವಿಡಿಯೋದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಇರಬೇಕು. ಅದಕ್ಕೂ ಉದ್ದವಾದರೆ ನಿಮ್ಮ ಪದಾರ್ಥದ ಮಾತು ನಡೆಯುವಷ್ಟೂ ಹೊತ್ತು ಇರಬೇಕು.

ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಇದು ತಯಾರಿಸಿದವರಿಗೂ ಬೀಳಬಹುದು, ಹೇಳಿದವರಿಗೂ ಬೀಳಬಹುದು. ಬ್ಲಾಗರ್ ಮರೆತರೆ ನೀವೇ ನೆನಪಿಸಿ.

ಅವರೇ ದುಡ್ಡು ಕೊಟ್ಟು ಕೊಂಡು ಬರೆದರೆ ಇದ್ಯಾವುದೂ ಬೇಡ. ಅಂಥ ರಿವ್ಯೂ ಬಂದ ದಿನ ನಮ್ಮನೆಯಲ್ಲಿ ಪಾಯಸ ಮಾಡುತ್ತೇವೆ.

"ಸಿರಿಧಾನ್ಯದ ಹಿಟ್ಟು ಮಾಡ್ತೀವಿ. ಶುಗರ್ ಕಡಿಮೆ ಆಗುತ್ತೆ ಅಂತ ಹೇಳಿಸಬಹುದಾ?"

ದಯವಿಟ್ಟು ಬೇಡ. ಸಕ್ಕರೆ ಕಾಯಿಲೆ ವಾಸಿ ಆಗುತ್ತೆ ಅಂತ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ತಡೆಯುತ್ತೆ. ಆರೋಗ್ಯದ ಬಗ್ಗೆ ಮಾತಾಡುವ ಇನ್‌ಫ್ಲುಯೆನ್ಸರ್‌ಗಳಿಗೆ 2023ರ ಆಗಸ್ಟ್‌ನಲ್ಲಿ ಹೆಚ್ಚಿನ ನಿಯಮಗಳೂ ಬಂದಿವೆ. ಕಾನೂನು ಒತ್ತಟ್ಟಿಗಿರಲಿ. ನಿಮ್ಮ ಹಿಟ್ಟು ನಂಬಿ ಯಾರೋ ಮಾತ್ರೆ ಬಿಟ್ಟರೆ ಆ ನೋವು ಯಾರದು? ರೊಟ್ಟಿ ಮೆತ್ತಗೆ ಬರುತ್ತಾ, ಕಹಿ ಇದೆಯಾ, ಎಷ್ಟು ದಿನ ಇಡಬಹುದು, ಇದನ್ನು ನೋಡಿ ಹೇಳಿ ಅಂತ ಕೇಳಿ.

"ಫ್ರೀ ಕೊಟ್ಟಿದ್ದಕ್ಕೆ ಟಿಡಿಎಸ್ ಕಟ್ಬೇಕು ಅಂತಾರೆ. ನಿಜಾನಾ?"

ಟಿಡಿಎಸ್ ಅಂದರೆ ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಉಪ್ಪಿನಕಾಯಿ ಮಟ್ಟದಲ್ಲಿ ಭಯ ಇಲ್ಲ. 2022ರ ಜುಲೈ 1ರಿಂದ ಬಂದ ನಿಯಮದಲ್ಲಿ, ವ್ಯಾಪಾರದ ಸಲುವಾಗಿ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಉಚಿತವಾಗಿ ಕೊಟ್ಟರೆ ಶೇ 10 ಟಿಡಿಎಸ್ ಲೆಕ್ಕ ಬರುತ್ತೆ. ಬಳಸಿ ವಾಪಸ್ ಕೊಟ್ಟರೆ ಅದು ಲಾಭ ಅಂತ ಎಣಿಸಲ್ಲ. ಹಿಟ್ಟಿನ ಗಿರಣಿ, ಮಿಕ್ಸಿ, ಫೋನು ಮಾಡುವವರು ಇದನ್ನು ಗಮನದಲ್ಲಿಡಿ. ನಿಮ್ಮ ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿ.

"ಅಮೆರಿಕದಲ್ಲಿರೋ ಕನ್ನಡದ ಬ್ಲಾಗರ್‌ಗೆ ಕಳಿಸಬಹುದಾ?"

ಮನೆಯವರು ಮಗಳಿಗೆ ಕಳಿಸುವುದು ಬೇರೆ, ವ್ಯಾಪಾರದ ಸ್ಯಾಂಪಲ್ ಕಳಿಸುವುದು ಬೇರೆ. ಸ್ಯಾಂಪಲ್ ಆದರೆ ಆಹಾರ, ಔಷಧ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಪಾರ್ಸೆಲ್ ತಲುಪುವ ಮೊದಲೇ ತಿಳಿಸಬೇಕು. ಅನುಭವ ಇರುವ ಕೊರಿಯರ್‌ನವರ ಮೂಲಕವೇ ಕಳಿಸಿ. ಉಚಿತ ವಸ್ತು ಪಡೆದ ಬ್ಲಾಗರ್ ಅದನ್ನು ಹೇಳಬೇಕು ಅನ್ನುವ ನಿಯಮ ಅಲ್ಲಿ ನಮಗಿಂತ ಮೊದಲೇ, 2009ರ ಡಿಸೆಂಬರ್‌ನಿಂದಲೇ ಇದೆ.

## ಸ್ವಲ್ಪ ಪಳಗಿದವರಿಗೆ

"ಹಾಕೋ ಮೊದಲು ನಮಗೊಮ್ಮೆ ತೋರಿಸಿ ಅಂತ ಕೇಳಬಹುದಾ?"

ಬೆಲೆ, ಊರಿನ ಹೆಸರು, ಫೋನ್ ನಂಬರ್ ಸರಿ ಇದೆಯಾ ನೋಡೋಕೆ ಕೇಳಬಹುದು. ಅಭಿಪ್ರಾಯ ತಿದ್ದೋಕೆ ಕೇಳಬಾರದು. ನಾನು ಈಗ ಅದನ್ನೂ ಕೇಳುವುದಿಲ್ಲ. ಆ ವಿವರಗಳನ್ನು ಕಾಗದದಲ್ಲೇ ದೊಡ್ಡದಾಗಿ ಬರೆದು ಕಳಿಸುತ್ತೇನೆ.

"ಕೆಟ್ಟದಾಗಿ ಬರೆದುಬಿಟ್ರು. ತೆಗೆಸೋದು ಹೇಗೆ?"

ತೆಗೆಸೋಕೆ ಹೋಗಬೇಡಿ. ಮೊದಲ ದಿನ ಏನೂ ಬರೆಯಬೇಡಿ. ಹೊಟ್ಟೆ ಉರಿಯುತ್ತೆ, ನನಗೆ ಗೊತ್ತು. ಆ ದಿನ ಕಳೆಯಲಿ.

ಎರಡನೇ ದಿನ ಆ ರಿವ್ಯೂವನ್ನು ಮನೆಯ ಇನ್ನೊಬ್ಬರಿಂದ ಜೋರಾಗಿ ಓದಿಸಿ ಕೇಳಿ. ಬೇರೆಯವರ ದನಿಯಲ್ಲಿ ಕೇಳಿದಾಗ ಅದರಲ್ಲಿ ನಿಜ ಎಷ್ಟು ಅನ್ನೋದು ತಿಳಿಯುತ್ತೆ. ನಾಲ್ಕು ದಿನದ ಬಾಟಲಿಯ ರಿವ್ಯೂ ಬಂದಾಗ ನಾನು ಬರೆದದ್ದು ಇಷ್ಟೇ: "ನೀವು ಹೇಳಿದ್ದು ಸರಿ. ಅದು ಹದಕ್ಕೆ ಬರುವ ಮೊದಲೇ ಕಳಿಸಿದೆ. ಇನ್ನು ಮುಂದೆ ಎರಡು ತಿಂಗಳು ಆಗದ ಬಾಟಲಿ ಹೊರಗೆ ಹೋಗುವುದಿಲ್ಲ." ಇನ್ನೊಂದು ಬಾಟಲಿ ಕಳಿಸುತ್ತೇನೆ, ಮತ್ತೆ ಬರೆಯಿರಿ ಅಂತ ಕೇಳಲಿಲ್ಲ. ಆ ಬರಹದ ಕೆಳಗೆ ನನ್ನ ಉತ್ತರ ಓದಿ ಬಾಟಲಿ ತರಿಸಿದ ಗಿರಾಕಿಗಳು ಈಗಲೂ ಇದ್ದಾರೆ. ಎರಡು ತಿಂಗಳ ಮಾತನ್ನು ಇವತ್ತಿನವರೆಗೂ ಮುರಿದಿಲ್ಲ.

ರಿವ್ಯೂದಲ್ಲಿ ತಪ್ಪು ಮಾಹಿತಿ ಇದ್ದರೆ, ಆ ಒಂದು ಮಾಹಿತಿಯನ್ನು ಮಾತ್ರ ದಾಖಲೆ ಸಮೇತ ತಿಳಿಸಿ. ರುಚಿ ಬಗ್ಗೆ ವಾದ ಬೇಡ.

ವಕೀಲರ ನೋಟಿಸ್ ಅಂತೂ ಬೇಡ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಅನ್ನುವವರು ಬೋರ್ನ್‌ವಿಟಾದಲ್ಲಿನ ಸಕ್ಕರೆ ಬಗ್ಗೆ ಒಂದು ವಿಡಿಯೋ ಮಾಡಿದರು. ಕಂಪನಿ ನೋಟಿಸ್ ಕಳಿಸಿತು, ಅವರು ವಿಡಿಯೋ ತೆಗೆದರು. ಆದರೆ ಅಷ್ಟರಲ್ಲಿ ಅದು ಎಲ್ಲೆಡೆ ಹರಡಿತ್ತು, ನೋಟಿಸ್ ಸುದ್ದಿಯಿಂದ ಇನ್ನಷ್ಟು ಹರಡಿತು. ಅದೇ ವರ್ಷದ ಕೊನೆಗೆ ಸೇರಿಸುವ ಸಕ್ಕರೆಯನ್ನು ಕಡಿಮೆ ಮಾಡಿದ ಸುದ್ದಿ ಬಂತು. ಅಷ್ಟು ದೊಡ್ಡ ಕಂಪನಿಗೇ ನೋಟಿಸ್ ಕೈಗೂಡಲಿಲ್ಲ.

"ನಮ್ಮದು ವಸ್ತು ಅಲ್ಲ, ಹೋಂಸ್ಟೇ. ಇದೇ ನಿಯಮಾನಾ?"

ಮೂಲ ಅದೇ, ಕಷ್ಟ ಜಾಸ್ತಿ. ಬಾಟಲಿಯಾದರೆ ಎಲ್ಲರಿಗೂ ಒಂದೇ ಸಿಗುತ್ತೆ. ಸೇವೆ ದಿನಕ್ಕೊಂದು ಥರ. ಬ್ಲಾಗರ್ ಬಂದ ದಿನ ಬೇರೆ ಅತಿಥಿಗಳನ್ನು ಬೇಡ ಅನ್ನಬೇಡಿ, ಹೋಳಿಗೆ ವಿಶೇಷ ಮಾಡಬೇಡಿ. ವಾರದ ಎಲ್ಲಾ ದಿನ ಏನಿರುತ್ತೋ ಅದೇ ಇರಲಿ.

ಮಳೆಗಾಲದಲ್ಲಿ ಕರೆದರೆ ಉಂಬಳ (ಜಿಗಣೆ) ಇರುತ್ತೆ, ಕರೆಂಟು ಹೋಗುತ್ತೆ, ನೆಟ್‌ವರ್ಕ್ ಸಿಗಲ್ಲ ಅಂತ ಮೊದಲೇ ಹೇಳಿ. ಜೋಗ ತುಂಬಿ ಧುಮುಕುವುದನ್ನು ನೋಡೋಕೆ ಬರುವವರಿಗೆ ಅದು ಅಡ್ಡಿಯಾಗಲ್ಲ. ಹೇಳದೆ ಕರೆದರೆ ಮಾತ್ರ ಉಂಬಳದ ಚಿತ್ರವೇ ರಿವ್ಯೂ ಆಗುತ್ತೆ. ಉಚಿತ ವಾಸವೂ ಉಚಿತ ಬಾಟಲಿಯ ಹಾಗೇ, ಓದುಗರಿಗೆ ತಿಳಿಸಲೇಬೇಕು.

"ರಿವ್ಯೂದಲ್ಲಿ ನಮ್ಮ ವೆಬ್‌ಸೈಟಿನ ಲಿಂಕ್ ಇದ್ರೆ ಗೂಗಲ್‌ನಲ್ಲಿ ಮೇಲೆ ಬರ್ತೀವಂತೆ?"

ಆ ಆಸೆಯಿಂದ ರಿವ್ಯೂ ಕೇಳಬೇಡಿ. ದುಡ್ಡಿಗೋ ಉಚಿತ ವಸ್ತುವಿಗೋ ಪ್ರತಿಯಾಗಿ ಹಾಕಿದ ಲಿಂಕಿಗೆ "ಸ್ಪಾನ್ಸರ್ಡ್" ಅಥವಾ "ನೋಫಾಲೋ" ಅನ್ನುವ ಗುರುತು ಹಾಕಬೇಕು ಅಂತ ಗೂಗಲ್ ಹೇಳುತ್ತೆ. ಆ ಗುರುತು ಇರುವ ಲಿಂಕಿನಿಂದ ಸಾಮಾನ್ಯವಾಗಿ ನೀವು ಮೇಲೆ ಬರಲ್ಲ. ಸ್ಪಾನ್ಸರ್ಡ್ ಗುರುತು ಬಂದದ್ದು 2019ರಲ್ಲಿ. ಗುರುತು ಹಾಕಿ ಅಂತ ನೀವೇ ಬ್ಲಾಗರ್‌ಗೆ ತಿಳಿಸಿ. ಲಿಂಕ್ ಒತ್ತಿ ಬರುವ ಗಿರಾಕಿಗೆ ಇದರಿಂದ ಏನೂ ವ್ಯತ್ಯಾಸ ಆಗಲ್ಲ.

"ಇಷ್ಟೆಲ್ಲಾ ಮಾಡಿ ಲಾಭ ಆಯ್ತಾ ಅಂತ ಗೊತ್ತಾಗೋದು ಹೇಗೆ?"

ಒಂದು ನೋಟ್‌ಬುಕ್ ಸಾಕು. ಆರ್ಡರ್ ಕೊಟ್ಟ ಪ್ರತಿಯೊಬ್ಬರನ್ನೂ "ನಮ್ಮ ಬಗ್ಗೆ ಎಲ್ಲಿ ತಿಳೀತು?" ಅಂತ ಕೇಳಿ ಬರೆದಿಡಿ. ಬೇಕಾದರೆ ಒಬ್ಬೊಬ್ಬ ಬ್ಲಾಗರ್ ಹೆಸರಲ್ಲಿ ಒಂದೊಂದು ರಿಯಾಯಿತಿ ಕೋಡ್ ಕೊಡಬಹುದು. ಅದರಿಂದ ಅವರಿಗೆ ಕಮಿಷನ್ ಹೋಗುತ್ತಿದ್ದರೆ ಅದನ್ನೂ ಓದುಗರಿಗೆ ಹೇಳಬೇಕು.

ಮೊದಲ ತಿಂಗಳ ಆರ್ಡರ್ ನೋಡಿ ತೀರ್ಮಾನ ಬೇಡ. ನಾನು ನೋಡುವುದು ಎರಡನೇ ಆರ್ಡರನ್ನು. ರಿವ್ಯೂ ನೋಡಿ ಒಂದು ಬಾಟಲಿ ತರಿಸಿದವರು ಅದು ಖಾಲಿಯಾದಮೇಲೆ ಮತ್ತೆ ತರಿಸಿದರಾ? ಮಿಡಿ ವರ್ಷಕ್ಕೊಮ್ಮೆ, ಬೇಸಗೆ ಶುರುವಾಗುವ ಹೊತ್ತಿಗೆ ಮಾತ್ರ ಸಿಗುತ್ತೆ. ಹಾಗಾಗಿ ನಮ್ಮ ನೋಟ್‌ಬುಕ್‌ನಲ್ಲಿ ಪ್ರತಿ ಹೆಸರಿನ ಮುಂದೆ ಎರಡು ವರ್ಷದ ಜಾಗ ಬಿಟ್ಟಿದ್ದೇವೆ.